ಸೋಫಾ ಮೇಲಿನ ಇಬ್ಬರು ಮತ್ತು ಕಾಣದ ಸಂಪಾದಕರು: ಡಿಗ್‌ನೇಷನ್ ಕಥೆ

ಇವತ್ತು ಒಂದು ಹಳೇ ಕಾರ್ಯಕ್ರಮದ ಕಥೆ ಹೇಳ್ತೀನಿ. ಹಳೇದು ಅಂದ್ರೆ 2005ರದ್ದು. ನಿಮ್ಮಲ್ಲಿ ಕೆಲವರು ಹುಟ್ಟಿದ ವರ್ಷ ಇರಬಹುದು.

ಮೊದಲು ನನ್ನದೊಂದು ನೆನಪು. 2007ರ ಸುಮಾರು. ದಾವಣಗೆರೆಯ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದು ಒಂದು ವರ್ಷ ಆಗಿತ್ತು. ಹಗಲು ಹೊತ್ತು ಡೇಟಾಗೆ ಲೆಕ್ಕ. ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಮಾತ್ರ ಎಷ್ಟು ಎಳೆದುಕೊಂಡರೂ ಲೆಕ್ಕ ಇಲ್ಲ. ಹಾಗಾಗಿ ಅಲಾರಂ ಇಟ್ಟು ಎರಡು ಗಂಟೆಗೆ ಏಳೋದು, ಡೌನ್‌ಲೋಡ್‌ಗೆ ಹಾಕಿ ಮತ್ತೆ ಮಲಗೋದು. ಬೆಳಿಗ್ಗೆ ಕಾಫಿ ಹೊತ್ತಿಗೆ ಕಂಪ್ಯೂಟರ್‌ನಲ್ಲಿ ಒಂದು ವಿಡಿಯೋ ಫೈಲ್ ರೆಡಿ. ಅದರಲ್ಲಿ ಇಬ್ಬರು ಅಮೆರಿಕದ ಹುಡುಗರು. ಒಂದು ಸೋಫಾ, ತೊಡೆ ಮೇಲೆ ಲ್ಯಾಪ್‌ಟಾಪ್, ಕೈಯಲ್ಲಿ ಬಿಯರ್. ಇಂಟರ್‌ನೆಟ್‌ನಲ್ಲಿ ಆ ವಾರ ಏನೇನಾಯ್ತು ಅಂತ ಓದಿ ಹೇಳ್ತಾ, ನಗ್ತಾ ಕೂತಿರೋರು.

ಒಂದಿನ ಅಪ್ಪ ಹಿಂದೆ ಬಂದು ನಿಂತ್ರು. ಕೈಯಲ್ಲಿ ಪೇಪರ್ ಇತ್ತು. “ಏನೋ ಇದು?” ಅಂದ್ರು. “ನ್ಯೂಸ್ ಅಪ್ಪ” ಅಂದೆ. “ಕುಡೀತಾ ನ್ಯೂಸ್ ಓದ್ತಾರಾ? ಹೋಗ್ಲಿ, ಯಾವ ಸುದ್ದಿ ಓದಬೇಕು ಅಂತ ಇವರಿಗೆ ಹೇಳೋರು ಯಾರು? ಪೇಪರ್‌ಗೆ ಸಂಪಾದಕರು ಇರ್ತಾರೆ, ಇದಕ್ಕೆ?” ನಾನು ಎದೆಯುಬ್ಬಿಸಿ ಹೇಳಿದೆ: “ಸಂಪಾದಕರೇ ಇಲ್ಲ. ಜನಾನೇ ಓಟ್ ಹಾಕಿ ಆರಿಸ್ತಾರೆ.”

ಆ ಉತ್ತರ ಎಷ್ಟು ನಿಜ, ಎಷ್ಟು ಸುಳ್ಳು ಅನ್ನೋದೇ ಇವತ್ತಿನ ಕಂತು. ಕಾರ್ಯಕ್ರಮದ ಹೆಸರು ಡಿಗ್‌ನೇಷನ್.

ಟಿವಿಯಿಂದ ಸೋಫಾಗೆ

ಅಮೆರಿಕದಲ್ಲಿ ಟೆಕ್‌ಟಿವಿ ಅಂತ ಒಂದು ಕೇಬಲ್ ಚಾನೆಲ್ ಇತ್ತು. ಕಂಪ್ಯೂಟರ್, ಇಂಟರ್‌ನೆಟ್ ಇವುಗಳದ್ದೇ ಚಾನೆಲ್. ಅದರ ಜನಪ್ರಿಯ ಕಾರ್ಯಕ್ರಮ ‘ದ ಸ್ಕ್ರೀನ್ ಸೇವರ್ಸ್’. 2004ರಲ್ಲಿ ಕಾಮ್‌ಕಾಸ್ಟ್ ಕಂಪನಿ ಟೆಕ್‌ಟಿವಿಯನ್ನು ಕೊಂಡು, ತನ್ನ ವಿಡಿಯೋ ಗೇಮ್ ಚಾನೆಲ್ ಜಿ4 ಜೊತೆ ಸೇರಿಸಿಬಿಟ್ಟಿತು. ತುಂಬಾ ಜನರ ಕೆಲಸ ಹೋಯಿತು. ಹೊರಗೆ ಬಂದವರಲ್ಲಿ ಹಲವರು ಸುಮ್ಮನೆ ಕೂರಲಿಲ್ಲ. ಸ್ಕ್ರೀನ್ ಸೇವರ್ಸ್‌ನ ಹಿರಿಯ ಮುಖ ಲಿಯೋ ಲಪೋರ್ಟ್ 2005ರ ಏಪ್ರಿಲ್‌ನಲ್ಲಿ ಹಳೇ ಗೆಳೆಯರನ್ನು ಸೇರಿಸಿಕೊಂಡು ‘ದಿಸ್ ವೀಕ್ ಇನ್ ಟೆಕ್’ ಅನ್ನೋ ಆಡಿಯೋ ಹರಟೆ ಶುರು ಮಾಡಿದರು. ಅದು ಇವತ್ತಿಗೂ ನಡೀತಿದೆ.

ಅದೇ ಸ್ಕ್ರೀನ್ ಸೇವರ್ಸ್‌ನಲ್ಲಿ ಕಾಣಿಸಿಕೊಳ್ಳುತ್ತಿದ್ದ ಇನ್ನಿಬ್ಬರು ಕೆವಿನ್ ರೋಸ್ ಮತ್ತು ಅಲೆಕ್ಸ್ ಆಲ್‌ಬ್ರೆಕ್ಟ್. ಕೆವಿನ್ ಇನ್ನೂ ಟಿವಿಯಲ್ಲಿ ಇದ್ದಾಗಲೇ, 2004ರ ಡಿಸೆಂಬರ್‌ನಲ್ಲಿ, ಕೆಲವು ಗೆಳೆಯರ ಜೊತೆ ಒಂದು ವೆಬ್‌ಸೈಟ್ ಶುರು ಮಾಡಿದ್ದ. ಹೆಸರು ಡಿಗ್. ಅಗೆಯೋದು ಅಂತ ಅರ್ಥ, ಆ ಕಡೆಯ ಆಡುಮಾತಲ್ಲಿ ಇಷ್ಟಪಡೋದು ಅಂತಲೂ ಅರ್ಥ.

ಡಿಗ್ ಹೇಗೆ ಕೆಲಸ ಮಾಡ್ತಿತ್ತು? ನೀವು ಎಲ್ಲೋ ಒಂದು ಒಳ್ಳೇ ಸುದ್ದಿ ನೋಡ್ತೀರಿ. ಅದರ ಲಿಂಕ್ ತಂದು ಡಿಗ್‌ನಲ್ಲಿ ಹಾಕ್ತೀರಿ. ಬೇರೆಯವರಿಗೆ ಇಷ್ಟವಾದ್ರೆ ಅದಕ್ಕೆ ಒಂದು ‘ಡಿಗ್’ ಕೊಡ್ತಾರೆ. ಸಾಕಷ್ಟು ಓಟು ಬೇಗ ಬಿದ್ದರೆ ಅದು ಮುಖಪುಟಕ್ಕೆ ಬರುತ್ತೆ. ಅಷ್ಟೇ. ಇವತ್ತು ಲೈಕ್ ಒತ್ತಿ ಒತ್ತಿ ಬೆರಳು ಸವೆದಿರೋ ನಮಗೆ ಇದರಲ್ಲೇನು ಹೊಸದು ಅನ್ನಿಸಬಹುದು. ಆದ್ರೆ ಆಗ ಟೆಕ್ ಸುದ್ದಿಗೆ ಎಲ್ಲರೂ ಹೋಗ್ತಿದ್ದದ್ದು ಸ್ಲ್ಯಾಶ್‌ಡಾಟ್ ಅನ್ನೋ ತಾಣಕ್ಕೆ. ಅಲ್ಲೂ ಓದುಗರೇ ಸುದ್ದಿ ಕಳಿಸ್ತಿದ್ರು, ಆದರೆ ಯಾವುದು ಪ್ರಕಟ ಆಗಬೇಕು ಅಂತ ನಿರ್ಧರಿಸ್ತಿದ್ದದ್ದು ಸಂಪಾದಕರು. ಡಿಗ್ ಆ ಕುರ್ಚಿಯನ್ನೇ ತೆಗೆದುಹಾಕಿತು, ಅಥವಾ ತೆಗೆದುಹಾಕಿದ್ದೇನೆ ಅಂತ ಹೇಳಿಕೊಂಡಿತು.

ಮೂರು ದಿನದ ಅಂತರ

2005ರ ಜುಲೈ 1ರಂದು ಡಿಗ್‌ನೇಷನ್‌ನ ಮೊದಲ ಕಂತು ಬಂತು. ಆ ತಾರೀಖು ನೋಡಿ. ಅದಕ್ಕೆ ಮೂರೇ ದಿನ ಮೊದಲು, ಜೂನ್ 28ಕ್ಕೆ, ಆಪಲ್ ತನ್ನ ಐಟ್ಯೂನ್ಸ್ 4.9ರಲ್ಲಿ ಪಾಡ್‌ಕಾಸ್ಟ್‌ಗೆ ಜಾಗ ಕೊಟ್ಟಿತ್ತು. ಅಲ್ಲಿವರೆಗೆ ಪಾಡ್‌ಕಾಸ್ಟ್ ಕೇಳಬೇಕು ಅಂದ್ರೆ ಬೇರೆ ಸಾಫ್ಟ್‌ವೇರ್ ಹುಡುಕಿ, ಫೀಡ್ ವಿಳಾಸ ಅಂಟಿಸಿ ಒದ್ದಾಡಬೇಕಿತ್ತು. ಈಗ ಒಂದು ಬಟನ್ ಒತ್ತಿದರೆ ಸಾಕು. ಅದೇ ವರ್ಷದ ಕೊನೆಗೆ ಅಮೆರಿಕದ ಆಕ್ಸ್‌ಫರ್ಡ್ ನಿಘಂಟಿನವರು ‘ಪಾಡ್‌ಕಾಸ್ಟ್’ ಅನ್ನೋದನ್ನೇ ವರ್ಷದ ಪದ ಅಂತ ಆರಿಸಿದರು. ಯೂಟ್ಯೂಬ್ ಇನ್ನೂ ಹಾಲುಗಲ್ಲದ ಕೂಸು, ಅದರ ಮೊದಲ ವಿಡಿಯೋ ಬಂದು ಎರಡು ತಿಂಗಳಷ್ಟೇ ಆಗಿತ್ತು. ಐಪಾಡ್‌ನಲ್ಲಿ ವಿಡಿಯೋ ಕಾಣಿಸಿದ್ದು ಆ ಅಕ್ಟೋಬರ್‌ನಲ್ಲಿ.

ಇಲ್ಲೊಂದು ಮುಖ್ಯ ವಿಷಯ. ಆಗ ಸಬ್‌ಸ್ಕ್ರೈಬ್ ಅಂದ್ರೆ ನಿಜವಾಗಿ ಸಬ್‌ಸ್ಕ್ರೈಬ್. ಕಾರ್ಯಕ್ರಮದವರು ಆರ್‌ಎಸ್‌ಎಸ್ ಫೀಡ್ ಅನ್ನೋ ಒಂದು ಪಟ್ಟಿಯನ್ನು ತಮ್ಮ ಸರ್ವರ್‌ನಲ್ಲಿ ಇಡ್ತಿದ್ರು. ನಿಮ್ಮ ಕಂಪ್ಯೂಟರ್ ಆಗಾಗ ಹೋಗಿ ಅದನ್ನು ನೋಡಿ, ಹೊಸ ಕಂತು ಇದ್ದರೆ ತಂದು ಇಟ್ಕೊಳ್ತಿತ್ತು. ಪೇಪರ್ ಹುಡುಗ ಮನೆ ಬಾಗಿಲಿಗೆ ಪೇಪರ್ ಹಾಕಿ ಹೋದ ಹಾಗೆ. “ಇವನಿಗೆ ಇದು ಇಷ್ಟ ಆಗಲ್ಲ, ಈ ವಾರ ಬೇಡ” ಅಂತ ಮಧ್ಯೆ ನಿಂತು ತೀರ್ಮಾನ ಮಾಡೋ ಯಂತ್ರ ಇರಲಿಲ್ಲ.

ಚಾ ಅಂಗಡಿಯ ಬೆಂಚು

ಕಾರ್ಯಕ್ರಮದ ರಚನೆ ತೀರಾ ಸರಳ. ಆ ವಾರ ಡಿಗ್‌ನಲ್ಲಿ ಹೆಚ್ಚು ಓಟು ಬಿದ್ದ ಕೆಲವು ಸುದ್ದಿ ತಗೊಳ್ಳೋದು. ಒಬ್ಬ ಶೀರ್ಷಿಕೆ ಓದೋದು, ಇನ್ನೊಬ್ಬ ಕಾಲೆಳೆಯೋದು. ಹೊಸ ಫೋನು, ಲಿನಕ್ಸ್ ಜಗಳ, ಯಾರೋ ಗ್ಯಾರೇಜಿನಲ್ಲಿ ಮಾಡಿದ ವಿಚಿತ್ರ ಯಂತ್ರ, ಯಾವುದೋ ಕಂಪನಿಯ ಎಡವಟ್ಟು. ಮಧ್ಯೆ ಏನು ಕುಡೀತಿದ್ದೀವಿ ಅಂತ ಒಂದು ವರ್ಣನೆ. ದೊಡ್ಡ ಸೆಟ್ ಇಲ್ಲ, ಟೈ ಇಲ್ಲ. ತಪ್ಪು ಮಾತಾಡಿದ್ರೆ ಅದೇ ತಮಾಷೆ.

ನಮ್ಮೂರ ಚಾ ಅಂಗಡಿ ನೆನಪು ಮಾಡ್ಕೊಳ್ಳಿ. ಬೆಳಿಗ್ಗೆ ಒಬ್ಬರು ಪೇಪರ್ ಬಿಡಿಸಿ ಜೋರಾಗಿ ಓದ್ತಾರೆ. ಪಕ್ಕದವರು ಪ್ರತಿ ಸುದ್ದಿಗೂ ಒಂದು ಮಾತು ಸೇರಿಸ್ತಾರೆ. ಮೂರನೆಯವರು ನಗ್ತಾ ಬೈಟೂ ಚಾ ಹೇಳ್ತಾರೆ. ಅಲ್ಲಿ ಸುದ್ದಿಗಿಂತ ಸುದ್ದಿಯ ಸುತ್ತಲಿನ ಮಾತೇ ರುಚಿ. ಡಿಗ್‌ನೇಷನ್ ಆ ಬೆಂಚಿನ ಮೂರನೇ ಜಾಗವನ್ನು ನಮಗೆ ಬಿಟ್ಟುಕೊಟ್ಟಿತ್ತು. ದಾವಣಗೆರೆಯಲ್ಲಿ ಕೂತ ನನಗೂ.

ಎಲ್ಲ ಚೆನ್ನಾಗಿತ್ತು ಅಂತ ಹೇಳೋಕೆ ಆಗಲ್ಲ. ಈಗ ಹಳೇ ಕಂತು ನೋಡಿದ್ರೆ ಕೆಲವು ಜೋಕು ಮುಜುಗರ ತರಿಸುತ್ತೆ. ಅದು ಹುಡುಗರ ಕೋಣೆಯ ನಗು. ಹುಡುಗಿಯರು ಆ ಬೆಂಚಲ್ಲಿ ಎಲ್ಲಿ ಕೂರಬೇಕು ಅಂತ ಅವತ್ತು ನಾನೂ ಯೋಚಿಸಿರಲಿಲ್ಲ.

ದುಡ್ಡು ಎಲ್ಲಿಂದ ಬರ್ತಿತ್ತು? ಕೆವಿನ್, ಡಿಗ್‌ನ ಮುಖ್ಯಸ್ಥ ಜೇ ಆಡೆಲ್‌ಸನ್ ಮತ್ತು ಡೇವಿಡ್ ಪ್ರೇಗರ್ ಸೇರಿ 2005ರಲ್ಲೇ ರೆವಿಷನ್3 ಅನ್ನೋ ಇಂಟರ್‌ನೆಟ್ ಟಿವಿ ಕಂಪನಿ ಕಟ್ಟಿದರು. ಡಿಗ್‌ನೇಷನ್ ಅದರ ದೊಡ್ಡ ಕಾರ್ಯಕ್ರಮ. ಜಾಹೀರಾತನ್ನು ನಿರೂಪಕರೇ ಓದ್ತಿದ್ರು, ಅದನ್ನೂ ತಮಾಷೆ ಮಾಡ್ತಾನೇ. ಇವತ್ತು ಪಾಡ್‌ಕಾಸ್ಟ್ ಮಧ್ಯೆ ನಿರೂಪಕರು ದನಿ ಬದಲಾಯಿಸಿ “ಈ ಕೋಡ್ ಹಾಕಿದ್ರೆ ರಿಯಾಯಿತಿ” ಅಂತಾರಲ್ಲ, ಆ ರೂಢಿ ಬೆಳೆದದ್ದು ಇಂಥ ಕಾರ್ಯಕ್ರಮಗಳಲ್ಲೇ. ಅದೇ ಕಂಪನಿಯ ಸಿನಿಮಾ ಹರಟೆ ‘ದ ಟೋಟಲಿ ರಾಡ್ ಶೋ’ದಲ್ಲಿ ಅಲೆಕ್ಸ್ ಜೊತೆ ಕೂರುತ್ತಿದ್ದ ಡ್ಯಾನ್ ಟ್ರಾಕ್ಟೆನ್‌ಬರ್ಗ್ ಮುಂದೆ ಹಾಲಿವುಡ್‌ನಲ್ಲಿ ‘ಪ್ರೇ’ ಸಿನಿಮಾ ನಿರ್ದೇಶಿಸಿದ.

2006ರ ಆಗಸ್ಟ್‌ನಲ್ಲಿ ಬಿಸಿನೆಸ್‌ವೀಕ್ ಪತ್ರಿಕೆ ಮುಖಪುಟದಲ್ಲಿ ಕೆವಿನ್ ಫೋಟೋ ಹಾಕಿ, ಈ ಹುಡುಗ ಹದಿನೆಂಟು ತಿಂಗಳಲ್ಲಿ 6 ಕೋಟಿ ಡಾಲರ್ ಮಾಡಿದ್ದು ಹೇಗೆ ಅಂತ ಬರೆಯಿತು. ಅದು ಜೇಬಿನ ದುಡ್ಡಲ್ಲ, ಅವನ ಷೇರಿಗೆ ಕಾಗದದ ಮೇಲೆ ಕಟ್ಟಿದ ಬೆಲೆ. ಆದರೂ ಈ ಅಂಕಿ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಒಂದು ಸಂಖ್ಯೆ, ಒಂದು ರಾತ್ರಿ

ಈಗ ಕಥೆಯ ನಡುಮನೆಗೆ ಬರೋಣ. 2007ರ ಮೇ 1.

ಆ ಕಾಲದಲ್ಲಿ ಎಚ್‌ಡಿ ಡಿವಿಡಿ ಅಂತ ಒಂದು ಹೊಸ ಡಿಸ್ಕ್ ಬಂದಿತ್ತು, ಬ್ಲೂ-ರೇಗೆ ಎದುರಾಳಿ. ಸಿನಿಮಾ ಕಾಪಿ ಆಗದಿರಲಿ ಅಂತ ಅದಕ್ಕೆ ಡಿಜಿಟಲ್ ಬೀಗ ಹಾಕಿದ್ದರು. ಆ ಬೀಗ ತೆಗೆಯೋಕೆ ನೆರವಾಗುವ ಒಂದು ಕೀಲಿ, ಅಂದ್ರೆ 32 ಅಂಕಿ-ಅಕ್ಷರಗಳ ಒಂದು ಸಂಖ್ಯೆ, ಹೊರಬಿದ್ದಿತ್ತು. ಅದು ಡಿಗ್‌ಗೂ ಬಂತು. ಬೀಗದ ಮಾಲೀಕ ಸಂಸ್ಥೆ ವಕೀಲರ ನೋಟಿಸ್ ಕಳಿಸಿತು. ಡಿಗ್‌ನವರು ಹೆದರಿ ಆ ಲಿಂಕುಗಳನ್ನು ಅಳಿಸೋಕೆ ಶುರು ಮಾಡಿದರು. ಹಾಕಿದವರ ಖಾತೆಗಳನ್ನೂ ಮುಚ್ಚಿದರು.

ಜನ ಸಿಟ್ಟಾದರು. ಒಂದು ಅಳಿಸಿದರೆ ಹತ್ತು ಹಾಕಿದರು. ಸಂಖ್ಯೆಯನ್ನು ಟೀಶರ್ಟ್ ಮೇಲೆ ಅಚ್ಚು ಹಾಕಿಸಿದರು, ಹಾಡು ಕಟ್ಟಿದರು, ಬಣ್ಣದ ಪಟ್ಟಿಗಳಾಗಿ ಬರೆದರು. ಡಿಗ್‌ನ ಮುಖಪುಟದ ತುಂಬಾ ಅದೇ ಸಂಖ್ಯೆ. ಎಚ್‌ಡಿ ಡಿವಿಡಿ ಪರ ಪ್ರಚಾರ ಮಾಡುವ ಗುಂಪು ಡಿಗ್‌ನೇಷನ್‌ಗೆ ಜಾಹೀರಾತು ಕೊಟ್ಟಿತ್ತಲ್ಲ, ಅದಕ್ಕೇ ಬಗ್ಗಿದಿರಾ ಅಂತಲೂ ಕೇಳಿದರು.

ನನ್ನ ಅಪ್ಪನ ಪ್ರಶ್ನೆ ಬೇರೆ ರೂಪದಲ್ಲಿ ಅಲ್ಲಿ ಎದ್ದು ನಿಂತಿತ್ತು ನೋಡಿ. ಸಂಪಾದಕರೇ ಇಲ್ಲ ಅಂದಿದ್ದಿರಿ. ಹಾಗಾದ್ರೆ ಅಳಿಸ್ತಿರೋರು ಯಾರು?

ಆ ರಾತ್ರಿ ಕೆವಿನ್ ಸೋತ, ಅಥವಾ ಗೆದ್ದ, ನೀವೇ ಹೇಳಿ. ಡಿಗ್‌ನ ಬ್ಲಾಗ್‌ನಲ್ಲಿ ಅವನೊಂದು ಟಿಪ್ಪಣಿ ಹಾಕಿದ. ಅದರ ಶೀರ್ಷಿಕೆಯಲ್ಲೇ ಆ ನಿಷಿದ್ಧ ಸಂಖ್ಯೆ ಇತ್ತು. ದೊಡ್ಡ ಕಂಪನಿಗೆ ತಲೆಬಾಗೋದಕ್ಕಿಂತ ಹೋರಾಡಿ ಮುಳುಗೋದೇ ಮೇಲು ಅಂತ ನೀವು ಹೇಳ್ತಿದ್ದೀರಿ, ಇನ್ನು ಅಳಿಸಲ್ಲ, ಆಗೋದಾಗಲಿ ಅನ್ನೋದು ಅದರ ತಾತ್ಪರ್ಯ. ಡಿಗ್ ಮುಳುಗಲಿಲ್ಲ. ಮುಳುಗಿದ್ದು ಎಚ್‌ಡಿ ಡಿವಿಡಿಯೇ. 2008ರ ಫೆಬ್ರವರಿಯಲ್ಲಿ ತೋಷಿಬಾ ಅದನ್ನು ಕೈಬಿಟ್ಟಿತು, ಬ್ಲೂ-ರೇ ಗೆದ್ದಿತು.

ಆಗ ನಾನು ಕುಣಿದಾಡಿದ್ದೆ. ಜನ ಗೆದ್ರು ಅಂತ. ಈಗ ಯೋಚಿಸಿದರೆ ಕಾಣೋದು ಬೇರೆ. ಡಿಗ್‌ಗೆ ಯಾವತ್ತೂ ಒಬ್ಬ ಸಂಪಾದಕ ಇದ್ದ. ಅವತ್ತು ರಾತ್ರಿ ಅವನು ಓದುಗರ ಮಾತು ಕೇಳಿದ, ಅಷ್ಟೇ. ಕೇಳದೇ ಇರೋ ದಿನವೂ ಬರಬಹುದಿತ್ತು.

ಬಾಗಿಲು ಬಡಿದು ಓಡುವವರು

ಆ ದಿನಕ್ಕೆ ಮೊದಲು ಒಂದು ಚಿಕ್ಕ ಕಥೆ, ಯಾಕಂದ್ರೆ ಇದು ನನ್ನ ರಾತ್ರಿ ಎರಡು ಗಂಟೆಯ ಅಲಾರಂಗೂ ಸೇರಿದ್ದು. ವಿಡಿಯೋ ಕಳಿಸೋದು ಆಗ ದುಬಾರಿ. ಅದಕ್ಕೆ ರೆವಿಷನ್3 ತನ್ನ ಕಾರ್ಯಕ್ರಮಗಳನ್ನು ಬಿಟ್‌ಟೊರೆಂಟ್‌ನಲ್ಲೂ ಕೊಡ್ತಿತ್ತು. ಟೊರೆಂಟ್ ಅಂದ್ರೆ ಕಳ್ಳ ಸಿನಿಮಾ ಅಂತಲೇ ನಮಗೆಲ್ಲ ಗೊತ್ತಿರೋದು. ನಿಜಕ್ಕೆ ಅದೊಂದು ಮುಯ್ಯಾಳು ಪದ್ಧತಿ. ನಿನ್ನ ಹೊಲದ ಕೆಲಸಕ್ಕೆ ನಾನು ಬರ್ತೀನಿ, ನನ್ನದಕ್ಕೆ ನೀನು ಬಾ. ಫೈಲಿನ ಒಂದೊಂದು ತುಂಡನ್ನು ನೋಡುಗರೇ ಒಬ್ಬರಿಗೊಬ್ಬರು ಹಂಚಿಕೊಳ್ಳೋದು. ತಮ್ಮದೇ ಕಾರ್ಯಕ್ರಮವನ್ನು ತಾವೇ ಹಂಚೋದರಲ್ಲಿ ಕಾನೂನಿನ ತಕರಾರು ಏನೂ ಇಲ್ಲ.

2008ರ ಮೇ ಕೊನೆಯ ವಾರಾಂತ್ಯ, ಅಮೆರಿಕದಲ್ಲಿ ರಜೆ. ರೆವಿಷನ್3ನ ಸರ್ವರುಗಳು ಮಲಗಿಬಿಟ್ಟವು. ಯಾರೋ ಸೆಕೆಂಡಿಗೆ ಸಾವಿರಾರು ಸಲ “ಮನೇಲಿದ್ದೀರಾ?” ಅಂತ ಬಾಗಿಲು ಬಡಿದು, ತೆಗೆಯೋಷ್ಟರಲ್ಲಿ ಓಡಿಹೋಗ್ತಿದ್ರು. ವೆಬ್‌ಸೈಟ್, ಫೀಡ್, ಕಚೇರಿಯ ಇಮೇಲ್ ಎಲ್ಲ ಬಂದ್. ಬೆನ್ನು ಹತ್ತಿ ನೋಡಿದರೆ ಸಿಕ್ಕಿದ್ದು ಮೀಡಿಯಾಡಿಫೆಂಡರ್. ಸಿನಿಮಾ ಮತ್ತು ಸಂಗೀತ ಕಂಪನಿಗಳ ಪರವಾಗಿ ಟೊರೆಂಟ್ ಲೋಕದಲ್ಲಿ ನಕಲಿ ಫೈಲ್ ತುಂಬಿಸಿ ಪೈರಸಿ ತಡೆಯೋ ಕಂಪನಿ. ರೆವಿಷನ್3ನ ಸರ್ವರ್‌ನಲ್ಲಿದ್ದ ಒಂದು ಸಂದಿಯಲ್ಲಿ ನುಗ್ಗಿ ತನ್ನ ಫೈಲುಗಳಿಗೆ ಅದನ್ನೇ ಬಳಸ್ತಿತ್ತು. ಇವರು ಆ ಸಂದಿ ಮುಚ್ಚಿದಾಗ ಅದರ ಯಂತ್ರಗಳು ಬಾಗಿಲು ಬಡಿಯೋಕೆ ಶುರು ಮಾಡಿದ್ದವು. ರೆವಿಷನ್3ನ ಆಗಿನ ಮುಖ್ಯಸ್ಥ ಜಿಮ್ ಲೌಡರ್‌ಬ್ಯಾಕ್ ಇದನ್ನೆಲ್ಲ ಬಹಿರಂಗವಾಗಿ ಬರೆದರು. ಸ್ವಂತ ಫೀಡ್ ಇದ್ದರೆ ಸ್ವಾತಂತ್ರ್ಯ ಅಂದೆನಲ್ಲ, ಆ ಸ್ವಾತಂತ್ರ್ಯದ ಖರ್ಚು ಇದು. ನಿಮ್ಮ ಮನೆ ಬಾಗಿಲಿಗೆ ನೀವೇ ಕಾವಲು.

ಬೆಂಚು ಖಾಲಿಯಾದದ್ದು

ಅಷ್ಟರಲ್ಲಿ ಡಿಗ್ ಒಳಗೇ ಹುಳುಕು ಹಿಡಿದಿತ್ತು. ಜನಾನೇ ಆರಿಸ್ತಾರೆ ಅಂದೆನಲ್ಲ, ಎಲ್ಲ ಜನ ಅಲ್ಲ. ದಿನವಿಡೀ ಅಲ್ಲೇ ಇದ್ದು, ಒಬ್ಬರ ಲಿಂಕಿಗೆ ಇನ್ನೊಬ್ಬರು ಓಟು ಹಾಕಿಕೊಳ್ಳುವ ಒಂದು ಸಣ್ಣ ಗುಂಪಿನ ಲಿಂಕುಗಳೇ ಮುಖಪುಟದ ದೊಡ್ಡ ಪಾಲು ಹಿಡೀತಿದ್ದವು. ಇಷ್ಟವಿಲ್ಲದ್ದನ್ನು ಸೇರಿಕೊಂಡು ಹೂಳೋ ಗುಂಪುಗಳೂ ಇದ್ದವು. ಅತ್ತ ಫೇಸ್‌ಬುಕ್, ಟ್ವಿಟರ್ ಬಂದು, ಲಿಂಕ್ ಹಂಚೋಕೆ ಡಿಗ್ಗೇ ಬೇಕು ಅಂತ ಇರಲಿಲ್ಲ.

2010ರ ಆಗಸ್ಟ್ 25ಕ್ಕೆ ಡಿಗ್ ತನ್ನನ್ನು ಪೂರ್ತಿ ಬದಲಾಯಿಸಿಕೊಂಡಿತು, ನಾಲ್ಕನೇ ಆವೃತ್ತಿ ಅಂತ. ಸುದ್ದಿಯನ್ನು ಹೂಳೋ ಬಟನ್ ಹೋಯಿತು, ರೂಢಿಯಾಗಿದ್ದ ಎಷ್ಟೋ ಸೌಲಭ್ಯ ಹೋದವು. ದೊಡ್ಡ ಪತ್ರಿಕೆಗಳು, ವೆಬ್‌ಸೈಟ್‌ಗಳು ತಮ್ಮ ಫೀಡ್ ಜೋಡಿಸಿ ಸುದ್ದಿಗಳನ್ನು ತಾವೇ ಸುರಿಯೋ ಹಾಗಾಯಿತು. ಮೇಲಾಗಿ ಸೈಟ್ ಪದೇ ಪದೇ ಬೀಳ್ತಿತ್ತು. ಜನ ಮತ್ತೆ ದಂಗೆ ಎದ್ದರು. ಈ ಸಲ ಅವರು ಕಂಡುಕೊಂಡ ದಾರಿ ಇನ್ನೂ ಖಾರ. ಡಿಗ್‌ನ ಮುಖಪುಟದ ತುಂಬಾ ಅದರ ಎದುರಾಳಿ ರೆಡಿಟ್‌ನ ಲಿಂಕುಗಳನ್ನೇ ತುಂಬಿಸಿದರು. ಆಮೇಲೆ ಗಂಟುಮೂಟೆ ಕಟ್ಟಿ ಅಲ್ಲಿಗೇ ಹೋದರು. ರೆಡಿಟ್ ಹುಟ್ಟಿದ್ದೂ 2005ರ ಜೂನ್‌ನಲ್ಲೇ, ಡಿಗ್‌ನೇಷನ್‌ನ ಓರಗೆಯ ಕೂಸು.

ಈ ಸಲ ಸಂಪಾದಕರು ಬೇಗ ಕಿವಿಗೊಡಲಿಲ್ಲ. ಕೆಲವು ಹಳೇ ಬಟನ್‌ಗಳು ವಾಪಸ್ ಬರೋ ಹೊತ್ತಿಗೆ ಓಟು ಹಾಕೋರು ಹೊರಟುಹೋಗಿದ್ದರು.

ಸೋಫಾ ಮೇಲಿನ ಇಬ್ಬರಿಗೆ ಇದರಿಂದ ಏನಾಯಿತು? ಕಾರ್ಯಕ್ರಮದ ನಗು ಅವರದು, ಆದರೆ ಅದರ ಕಚ್ಚಾ ಸಾಮಾನು ತರ್ತಿದ್ದದ್ದು ಲಕ್ಷಾಂತರ ಅನಾಮಿಕರು, ಸಂಬಳ ಇಲ್ಲದೆ. ಅವರು ಹೋದ ಮೇಲೆ ಓದೋಕೆ ಪೇಪರ್ ಇದೆ, ಆದರೆ ಪೇಪರ್ ಮೇಲೆ ನಂಬಿಕೆ ಇಲ್ಲ. ಇನ್ನೊಂದು ತೊಡಕೂ ಇತ್ತು. ಇಂಟರ್‌ನೆಟ್‌ನ ಎಲ್ಲರ ಎಡವಟ್ಟಿಗೂ ನಗುತ್ತಿದ್ದ ಕಾರ್ಯಕ್ರಮಕ್ಕೆ ಈಗ ವಾರದ ಅತಿ ದೊಡ್ಡ ಎಡವಟ್ಟು ತನ್ನದೇ ಮನೆಯದು. ಅಂಗಡಿ ಮಾಲೀಕನೇ ಬೆಂಚಲ್ಲಿ ಕೂತು ಪೇಪರ್ ಓದ್ತಿದ್ರೆ, ಚಾ ಕೆಟ್ಟಿದೆ ಅಂತ ಹೇಳೋರು ಯಾರು?

2011ರ ಮಾರ್ಚ್‌ನಲ್ಲಿ ಕೆವಿನ್ ಡಿಗ್ ಕೆಲಸ ಬಿಟ್ಟ. ಅದೇ ವರ್ಷದ ಡಿಸೆಂಬರ್ ಕೊನೆಗೆ, ಮುನ್ನೂರಕ್ಕೂ ಹೆಚ್ಚು ಕಂತುಗಳ ನಂತರ, ಡಿಗ್‌ನೇಷನ್ ಮುಗಿಯಿತು. 2012ರ ಮೇ ತಿಂಗಳಲ್ಲಿ ಡಿಸ್ಕವರಿ ಕಂಪನಿ ರೆವಿಷನ್3ಯನ್ನು ಕೊಂಡಿತು. ಜುಲೈನಲ್ಲಿ ಡಿಗ್‌ನ ಹೆಸರು, ವೆಬ್‌ಸೈಟ್, ತಂತ್ರಜ್ಞಾನ ಬೀಟಾವರ್ಕ್ಸ್ ಅನ್ನೋ ಕಂಪನಿಗೆ ಸುಮಾರು 5 ಲಕ್ಷ ಡಾಲರಿಗೆ ಹೋಯಿತು. ಒಬ್ಬನ ಪಾಲೇ 6 ಕೋಟಿ ಡಾಲರ್ ಅಂತ ಮುಖಪುಟದಲ್ಲಿ ಬಂದಿತ್ತಲ್ಲ, ಅದಾಗಿ ಆರು ವರ್ಷಕ್ಕೆ.

ಕಥೆಗೊಂದು ಬಾಲ ಇದೆ. 2025ರ ಮಾರ್ಚ್‌ನಲ್ಲಿ ಕೆವಿನ್ ರೋಸ್ ಡಿಗ್ ಹೆಸರನ್ನು ಮರಳಿ ಕೊಂಡ. ಜೊತೆಗೆ ನಿಂತದ್ದು ಯಾರು ಗೊತ್ತಾ? ರೆಡಿಟ್ ಸ್ಥಾಪಕರಲ್ಲಿ ಒಬ್ಬನಾದ ಅಲೆಕ್ಸಿಸ್ ಒಹಾನಿಯನ್. ಅಂದಿನ ಎದುರಾಳಿ. ಕೆವಿನ್ ಮತ್ತು ಅಲೆಕ್ಸ್ ಮತ್ತೆ ಸೋಫಾ ಮೇಲೂ ಕೂತರು, ತಲೆಯಲ್ಲಿ ಒಂದಷ್ಟು ಬೆಳ್ಳಿಕೂದಲಿನ ಜೊತೆ.

ನಾನೂ ನೋಡಿದೆ, ಫೋನಲ್ಲಿ. ಅಲಾರಂ ಬೇಕಾಗಲಿಲ್ಲ, ಡೌನ್‌ಲೋಡ್ ಬೇಕಾಗಲಿಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿದೆ. ಆ ವಿಡಿಯೋ ಬಾಗಿಲಿಗೆ ಬಂದು ಬಿದ್ದದ್ದಲ್ಲ. “ನಿಮಗೆ ಇಷ್ಟವಾಗಬಹುದು” ಅಂತ ಒಂದು ಆ್ಯಪ್ ಮುಂದಿಟ್ಟದ್ದು. ಯಾಕೆ ನನಗೆ, ಯಾಕೆ ಅವತ್ತು, ಗೊತ್ತಿಲ್ಲ. 2007ರಲ್ಲಿ ಡಿಗ್ ಒಂದು ಲಿಂಕ್ ಅಳಿಸಿದಾಗ ಜನಕ್ಕೆ ಅದು ಕಾಣಿಸಿತು, ಕಂಡಿದ್ದಕ್ಕೇ ಜಗಳಕ್ಕೆ ನಿಂತರು. ಇವತ್ತು ನನ್ನ ಫೀಡಿಗೆ ಬಾರದೇ ಇರೋದು ಏನು ಅಂತ ನನಗೆ ಕಾಣಿಸೋದೇ ಇಲ್ಲ. ಜಗಳ ಯಾರ ಹತ್ರ ಆಡೋದು?

ಅಪ್ಪ ಈಗಲೂ ಬೆಳಿಗ್ಗೆ ಪೇಪರ್ ಓದ್ತಾರೆ, ಆಮೇಲೆ ಫೋನ್ ಹಿಡಿದು ರೀಲ್ಸ್ ನೋಡ್ತಾರೆ. ಮೊನ್ನೆ ಊರಿಗೆ ಹೋದಾಗ ನಾನೇ ಕೇಳಿದೆ: “ಅಪ್ಪ, ಇದನ್ನ ನಿಮಗೆ ತೋರಿಸ್ತಿರೋರು ಯಾರು?” ಅವರು ಕನ್ನಡಕದ ಮೇಲಿಂದ ನೋಡಿ ಅಂದ್ರು: “ಅವತ್ತು ಜನಾನೇ ಆರಿಸ್ತಾರೆ ಅಂದಿದ್ದೆಯಲ್ಲ. ನೀನೇ ಹೇಳು.”

ಉತ್ತರ ನನ್ನ ಹತ್ರ ಇರಲಿಲ್ಲ. ನಿಮ್ಮ ಹತ್ರ ಇದ್ರೆ ಬರೆದು ಕಳಿಸಿ.